ಕ್ಯಾಮೆರಾ ಕೊಳ್ಳುವ ಮುಂಚೆ ನಿಮ್ಮ ಕೆಟ್ಟ ಫೋಟೋಗಳನ್ನು ನೋಡಿ

ಕ್ಯಾಮೆರಾ ತಗೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ, ‘ಯಾವುದು ಒಳ್ಳೇದು?’ ಉತ್ತರ ಹೇಳುವುದು ಸುಲಭ, ಆದರೆ ಅದರಿಂದ ಉಪಯೋಗ ಕಡಿಮೆ. ಹೆಸರಿರುವ ಕಂಪನಿಗಳು ಇವತ್ತು ಮಾರುವ ಕ್ಯಾಮೆರಾಗಳಲ್ಲಿ ತೀರಾ ಕೆಟ್ಟದ್ದು ಅನ್ನುವಂಥದ್ದು ಸಿಗುವುದೇ ಅಪರೂಪ. ಹಾಗಿದ್ದೂ ಎಷ್ಟೋ ಕ್ಯಾಮೆರಾಗಳು ಕೊಂಡ ಕೆಲವೇ ತಿಂಗಳಲ್ಲಿ ಬೀರು ಸೇರುತ್ತವೆ. ತಮ್ಮ ಫೋಟೋಗಳಲ್ಲಿ ಏನು ಸರಿಯಿಲ್ಲ ಅನ್ನುವುದು ಕೊಂಡವರಿಗೆ ಗೊತ್ತಿರುವುದಿಲ್ಲ. ಹೊಸ ಕ್ಯಾಮೆರಾ ಬಂದರೂ ಅದೇ ತೊಂದರೆ ಮುಂದುವರಿಯುತ್ತದೆ.

ಅದಕ್ಕೇ ಅಂಗಡಿಗೆ ಹೋಗುವುದು ಆಮೇಲೆ. ನೀವು ಈಗಾಗಲೇ ತೆಗೆದು, ಕೆಟ್ಟುಹೋಗಿರುವ ಫೋಟೋಗಳಿಂದ ಶುರುಮಾಡೋಣ.

1. ಕೆಟ್ಟ ಫೋಟೋಗಳನ್ನು ಗುಂಪು ಮಾಡಿ

ಫೋನಿನ ಗ್ಯಾಲರಿ ತೆರೆಯಿರಿ. ‘ಛೆ, ಇದೊಂದು ಚೆನ್ನಾಗಿ ಬರಬೇಕಿತ್ತು’ ಅನ್ನಿಸಿದ ಮೂವತ್ತು ನಲವತ್ತು ಫೋಟೋಗಳನ್ನು ಒಂದು ಕಡೆ ಹಾಕಿ. ಒಂದೊಂದೂ ಯಾಕೆ ಕೆಟ್ಟಿತು ಅಂತ ನೋಡಿ.

ಓಡುವ ಮಗು, ಕುಣಿಯುವವರ ಕೈ, ನಾಯಿಯ ಬಾಲ ಕಲಸಿಹೋಗಿದೆಯಾ? ಶಟರ್, ಅಂದರೆ ಬೆಳಕು ಒಳಗೆ ಬಿಡುವ ಬಾಗಿಲು, ಬೇಕಾದಷ್ಟು ಬೇಗ ಮುಚ್ಚಿಲ್ಲ. ನಿಮಗೆ ಜಾಸ್ತಿ ಬೆಳಕು ಒಳಗೆ ಬಿಡುವ ಲೆನ್ಸ್ ಬೇಕು. ರಾತ್ರಿ ಮನೆಯೊಳಗೆ ತೆಗೆದದ್ದರಲ್ಲಿ ಕಾಳು ಕಾಳು ಕಾಣುತ್ತಿದೆಯಾ, ಕೂದಲಿನ ಎಳೆಗಳು ಅಳಿಸಿಹೋಗಿವೆಯಾ? ಆಗ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಿದ್ದರೆ ನಿಜಕ್ಕೂ ಸಹಾಯವಾಗುತ್ತದೆ. ಮರದ ಮೇಲಿನ ಹಕ್ಕಿ ಬರೀ ಚುಕ್ಕೆಯಾಗಿದ್ದರೆ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಯಾವುದಾದರೂ ಸರಿ, ದೂರದ್ದನ್ನು ಹತ್ತಿರ ಎಳೆಯುವ ಉದ್ದನೆಯ ಟೆಲಿ ಲೆನ್ಸ್ ಇಲ್ಲದೆ ಆಗುವುದಿಲ್ಲ.

ಇನ್ನೆರಡು ಗುಂಪು ಉಳಿದವು. ಕಿಟಕಿಯ ಮುಂದೆ ಕೂತವರ ಮುಖ ಕಪ್ಪಾಗಿರುವುದು ಒಂದು. ತಲೆಯ ಹಿಂದಿನಿಂದ ಕಂಬ ಎದ್ದಿರುವುದು, ಪಾದ ಅರ್ಧಕ್ಕೆ ಕತ್ತರಿಸಿರುವುದು, ಎಲ್ಲಿ ನೋಡಬೇಕೋ ತಿಳಿಯದಷ್ಟು ಗಿಜಿಗಿಜಿ ಇರುವುದು ಇನ್ನೊಂದು. ಇವನ್ನು ಯಾವ ಕ್ಯಾಮೆರಾ ಕೊಂಡರೂ ನೀವೇ ಸರಿಮಾಡಿಕೊಳ್ಳಬೇಕು. ನಿಮ್ಮ ರಾಶಿಯಲ್ಲಿ ಇವೇ ಜಾಸ್ತಿ ಇದ್ದರೆ ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಮುಂದೆ ಬರುವ ಬೆಳಕಿನ ಭಾಗ ಓದಿ, ಫೋನಿನಲ್ಲೇ ಮಾಡಿ ನೋಡಿ.

ಇದರ ಜೊತೆಗೆ ಇನ್ನೊಂದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಎಷ್ಟು ಭಾರ ಹೊತ್ತುಕೊಂಡು ತಿರುಗುತ್ತೀರಿ? ಒಂದೂವರೆ ಕಿಲೋ ತೂಗುವ ಬಾಡಿ, ಲೆನ್ಸ್ ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಹಗುರ ಅನ್ನಿಸುತ್ತದೆ. ದಿನವಿಡೀ ಕುತ್ತಿಗೆಗೆ ಹಾಕಿಕೊಂಡಾಗ ಗೊತ್ತಾಗುತ್ತದೆ ಅದರ ಕಥೆ.

2. ಸೆನ್ಸರಿನ ಅಳತೆ ನೋಡಿ, ಮೆಗಾಪಿಕ್ಸೆಲ್ ಬಿಡಿ

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು ಮೆಗಾಪಿಕ್ಸೆಲ್. ಹುಡುಕಿ ನೋಡಬೇಕಾದದ್ದು ಸೆನ್ಸರಿನ ಅಳತೆ. ಫುಲ್ ಫ್ರೇಮ್ ಅಂದರೆ 36×24 ಎಂಎಂ. ಹವ್ಯಾಸಿಗಳ ಹೆಚ್ಚಿನ ಕ್ಯಾಮೆರಾಗಳಲ್ಲಿರುವ ಎಪಿಎಸ್‌-ಸಿ ಸುಮಾರು 23.5×15.6 ಎಂಎಂ, ಕ್ಯಾನನ್‌ನಲ್ಲಿ ಅದಕ್ಕಿಂತ ತುಸು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3×13. ಒಳ್ಳೆಯ ಕಾಂಪ್ಯಾಕ್ಟ್ ಕ್ಯಾಮೆರಾಗಳ ‘1 ಇಂಚಿನ’ ಸೆನ್ಸರ್ 13.2×8.8 ಎಂಎಂ. ಜೇಬಿಗೆ ಹಿಡಿಸುವ ಅಗ್ಗದ ಕ್ಯಾಮೆರಾಗಳಲ್ಲಿ ಸುಮಾರು 6.2×4.6 ಎಂಎಂ ಇರುತ್ತದೆ.

ಉದ್ದ ಅಗಲ ಗುಣಿಸಿ ನೋಡಿ. ಎಪಿಎಸ್‌-ಸಿ ಸೆನ್ಸರಿನ ವಿಸ್ತೀರ್ಣ 1 ಇಂಚಿನದಕ್ಕಿಂತ ಮೂರು ಪಟ್ಟು. ಅದೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಅದೇ ಶಟರ್ ಇಟ್ಟರೆ ಮೂರು ಪಟ್ಟು ಬೆಳಕು ಫೋಟೋಗೆ ಸೇರುತ್ತದೆ. ಕತ್ತಲಲ್ಲಿ ಕಾಳು ಕಡಿಮೆಯಾಗುವುದು ಇದರಿಂದಲೇ. ಎಪಿಎಸ್‌-ಸಿಯಿಂದ ಫುಲ್ ಫ್ರೇಮ್‌ಗೆ ಹೋದರೆ ಸಿಗುವುದು ಎರಡೂಕಾಲು ಪಟ್ಟು ಚಿಲ್ಲರೆ. ವ್ಯತ್ಯಾಸ ಇದೆ, ಆದರೆ ಲೆನ್ಸ್‌ಗಳ ತೂಕವೂ ಬೆಲೆಯೂ ಅದರ ಜೊತೆಗೇ ಏರುತ್ತವೆ. ಹವ್ಯಾಸಕ್ಕೆ ಶುರುಮಾಡುವವರಿಗೆ ನನ್ನ ಸಲಹೆ ಎಪಿಎಸ್‌-ಸಿ. ಬೆಟ್ಟ ಹತ್ತುವವರು, ಹಗುರ ಬೇಕು ಅನ್ನುವವರು ಮೈಕ್ರೋ ಫೋರ್ ಥರ್ಡ್ಸ್ ನೋಡಲಿ.

ಮೆಗಾಪಿಕ್ಸೆಲ್ ವಿಷಯ ಎರಡೇ ಲೆಕ್ಕದಲ್ಲಿ ಮುಗಿಯುತ್ತದೆ. 4ಕೆ ಟಿವಿಯ ಪರದೆಯಲ್ಲಿ 3840×2160 ಚುಕ್ಕೆ, ಅಂದರೆ 8.3 ಮೆಗಾಪಿಕ್ಸೆಲ್. 8×10 ಇಂಚಿನ ಪ್ರಿಂಟಿಗೆ ಇಂಚಿಗೆ 300 ಚುಕ್ಕೆ ಹಾಕಿದರೂ 7.2 ಮೆಗಾಪಿಕ್ಸೆಲ್ ಸಾಕು. ಇವತ್ತು 20ಕ್ಕಿಂತ ಕಡಿಮೆ ಇರುವ ಹೊಸ ಕ್ಯಾಮೆರಾ ಸಿಗುವುದೇ ಕಷ್ಟ. 1975ರಲ್ಲಿ ಕೊಡ್ಯಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು 0.01 ಮೆಗಾಪಿಕ್ಸೆಲ್. ಒಂದು ಫೋಟೋ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಆ ಕಾಲದಲ್ಲಿ ಚುಕ್ಕೆ ಎಣಿಸುವುದಕ್ಕೆ ಅರ್ಥವಿತ್ತು. ಈಗ ಎಣಿಕೆಯ ಅಗತ್ಯ ಇರುವುದು ಹಕ್ಕಿ ತೆಗೆದು ಜಾಸ್ತಿ ಕ್ರಾಪ್ ಮಾಡುವವರಿಗೆ, ಗೋಡೆಯಗಲ ಪ್ರಿಂಟ್ ಹಾಕುವವರಿಗೆ.

ಹಾಗಾದರೆ ಇಷ್ಟು ಚಿಕ್ಕ ಸೆನ್ಸರ್ ಇರುವ ಫೋನ್ ಹೇಗೆ ಚೆನ್ನಾಗಿ ತೆಗೆಯುತ್ತದೆ ಅಂತ ಕೇಳಬಹುದು. ಒಂದು ಸಲ ಒತ್ತಿದರೆ ಅದು ಹಲವು ಫೋಟೋ ತೆಗೆದು, ಒಂದರ ಮೇಲೊಂದು ಕೂರಿಸಿ, ನೆರಳನ್ನು ಎತ್ತಿ ಕೊಡುತ್ತದೆ. ಕದಲದೆ ಇರುವ ದೃಶ್ಯಕ್ಕೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕದಲುವುದು, ದೂರದ್ದು, ಕತ್ತಲಲ್ಲಿ ಇರುವುದು ಬಂದಾಗ ದೊಡ್ಡ ಸೆನ್ಸರ್, ನಿಜವಾದ ಲೆನ್ಸ್ ಗೆಲ್ಲುತ್ತವೆ. ನಡುಮಧ್ಯಾಹ್ನ ಗುಡ್ಡದ ಫೋಟೋ ಅಷ್ಟೇ ಸಾಕು ಅನ್ನುವವರಿಗೆ ಬೇರೆ ಕ್ಯಾಮೆರಾ ಬೇಕಾಗಿಯೇ ಇಲ್ಲ.

3. ಬಾಡಿ ಆರಿಸುವಾಗ ಮೌಂಟ್ ನೋಡಿ

ಬಾಡಿ ಐದಾರು ವರ್ಷಕ್ಕೆ ಹಳತಾಗುತ್ತದೆ, ಲೆನ್ಸ್ ಇಪ್ಪತ್ತು ವರ್ಷವೂ ಬಾಳುತ್ತದೆ. ಬಾಡಿಗೆ ಲೆನ್ಸ್ ಸಿಕ್ಕಿಸುವ ಜಾಗವೇ ಮೌಂಟ್, ಯಾವ ಲೆನ್ಸ್ ಹಿಡಿಸುತ್ತದೆ ಅನ್ನುವುದು ಅದರ ಮೇಲೆ. ನಿಕಾನ್‌ನ ಎಫ್ ಮೌಂಟ್ 1959ರದ್ದು, ಕ್ಯಾನನ್‌ನ ಇಎಫ್ 1987ರದ್ದು. ಎರಡೂ ಕಂಪನಿಗಳು 2018ರಲ್ಲಿ ಮಿರರ್‌ಲೆಸ್‌ಗಾಗಿ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳು) ಹೊಸ ಮೌಂಟ್ ತಂದವು: ನಿಕಾನ್ ಜಡ್, ಕ್ಯಾನನ್ ಆರ್‌ಎಫ್. ಸೋನಿಯ ಇ ಮೌಂಟ್ 2010ರಿಂದ ಇದೆ, ಫ್ಯೂಜಿಫಿಲ್ಮ್‌ನ ಎಕ್ಸ್ 2012ರಿಂದ. ಹೊಸ ಲೆನ್ಸ್‌ಗಳು ಈಗ ಹೆಚ್ಚಾಗಿ ಈ ಮಿರರ್‌ಲೆಸ್ ಮೌಂಟ್‌ಗಳಿಗೇ ಬರುತ್ತಿವೆ. ಹೊಸದಾಗಿ ಕೊಳ್ಳುವುದಾದರೆ ಮಿರರ್‌ಲೆಸ್ಸೇ ಕೊಳ್ಳಿ.

ಕಲಿಯುವವರಿಗೆ ಮಿರರ್‌ಲೆಸ್‌ನಿಂದ ಇನ್ನೊಂದು ದೊಡ್ಡ ಲಾಭ ಇದೆ. ಫೋಟೋ ಕಪ್ಪಾಗುತ್ತದೋ ಬಿಳಿಚಿಕೊಳ್ಳುತ್ತದೋ ಅನ್ನುವುದು ಒತ್ತುವ ಮೊದಲೇ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಕಾಣುತ್ತದೆ. ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್‌ನಲ್ಲಿ ಕಾಣುವುದು ಬರೀ ಎದುರಿನ ದೃಶ್ಯ, ತಪ್ಪು ಗೊತ್ತಾಗುವುದು ತೆಗೆದ ಮೇಲೆ. ಮಿರರ್‌ಲೆಸ್‌ಗೆ ಬ್ಯಾಟರಿ ಜಾಸ್ತಿ ಬೇಕು, ಅದು ನಿಜ. ಅನೇಕ ಮಾಡೆಲ್‌ಗಳಲ್ಲಿ ಒಂದು ಚಾರ್ಜಿಗೆ ಮುನ್ನೂರು, ನಾನ್ನೂರು ಫೋಟೋ ಅಂತ ಕಂಪನಿಯೇ ಹೇಳುತ್ತದೆ. ಎರಡನೇ ಬ್ಯಾಟರಿಯ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ದುಡ್ಡು ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಈಗ ಒಳ್ಳೆಯ ವ್ಯಾಪಾರ. ಎಲ್ಲರೂ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಒಳ್ಳೊಳ್ಳೆಯ ಲೆನ್ಸ್‌ಗಳು ಅಗ್ಗಕ್ಕೆ ಬರುತ್ತವೆ. ಒಂದು ಎಚ್ಚರಿಕೆ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ನಿಕಾನ್‌ನ ಎಫ್‌ಟಿಜಡ್ ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೆ ಜೋಡಿಸಿದರೂ ಇದೇ ಕಥೆ. ಕ್ಯಾನನ್ ಇಎಫ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ಆರ್‌ಎಫ್ ಲೆನ್ಸನ್ನು ಹಳೆಯ ಬಾಡಿಗೆ ಹಾಕಲು ಬರುವುದಿಲ್ಲ.

ಪಟ್ಟಿ ಎರಡು ಮೂರಕ್ಕೆ ಇಳಿದ ಮೇಲೆ ಕೈಯಲ್ಲಿ ಹಿಡಿದು ನೋಡಿ. ಕಿರುಬೆರಳು ಕೆಳಗೆ ಜಾರುತ್ತದಾ? ಹೆಬ್ಬೆರಳಿಗೆ ಎಷ್ಟು ಡಯಲ್ ಸಿಗುತ್ತವೆ? ಕಣ್ಣು ತೆಗೆಯದೆ ಎಕ್ಸ್‌ಪೋಷರ್ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದು) ಬದಲಿಸಲು ಆಗುತ್ತದಾ? ರಿವ್ಯೂ ಓದಿ ಗೊತ್ತಾಗದ್ದು ಇದೊಂದೇ.

4. ದುಡ್ಡಿನಲ್ಲಿ ಲೆನ್ಸಿಗೆ ಪಾಲಿಡಿ

ಬಾಡಿಯ ಜೊತೆಗೆ ಬರುವ 18-55 ಎಂಎಂ ಕಿಟ್ ಲೆನ್ಸ್ ಬೇಡ ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹಗಲಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತದೆ. ಯಾವ ಫೋಕಲ್ ಲೆಂಗ್ತ್ (ಲೆನ್ಸ್ ಎಷ್ಟು ಹತ್ತಿರ ಎಳೆಯುತ್ತದೆ ಅನ್ನುವ ಎಂಎಂ ಅಂಕಿ) ನಿಮಗೆ ಹಿಡಿಸುತ್ತದೆ ಅಂತ ಕಲಿಸುವುದೂ ಅದೇ. ಅದರ ಕೊರತೆ ಕತ್ತಲು. 55 ಎಂಎಂಗೆ ಜೂಮ್ ಮಾಡಿದಾಗ ಹೆಚ್ಚಿನವುಗಳ ಅಪರ್ಚರ್ ಎಫ್/5.6ಕ್ಕಿಂತ ಅಗಲ ತೆರೆಯುವುದಿಲ್ಲ (ಅಂಕಿ ಚಿಕ್ಕದಾದಷ್ಟೂ ಕಿಂಡಿ ಅಗಲ).

ಇಲ್ಲೊಂದು ಲೆಕ್ಕ ಹಾಕೋಣ. ಹೆಚ್ಚಿನ ಮೌಂಟ್‌ಗಳಲ್ಲಿ ತೀರಾ ಕಡಿಮೆ ಬೆಲೆಯ ಲೆನ್ಸ್‌ಗಳ ಪೈಕಿ 50 ಎಂಎಂ ಎಫ್/1.8 ಇದ್ದೇ ಇರುತ್ತದೆ. 5.6 ಅನ್ನು 1.8ರಿಂದ ಭಾಗಿಸಿ, ವರ್ಗ ಮಾಡಿ: ಹೆಚ್ಚುಕಡಿಮೆ ಹತ್ತು. ಅಂದರೆ ಹತ್ತು ಪಟ್ಟು ಬೆಳಕು. ಕಿಟ್ ಲೆನ್ಸಿನಲ್ಲಿ 1/10 ಸೆಕೆಂಡ್ ಬೇಕಾಗಿದ್ದ ಕಡೆ 1/100 ಸಾಕು. ಕಲಸಿಹೋಗುತ್ತಿದ್ದ ಮಗುವಿನ ಮುಖ ನಿಲ್ಲುತ್ತದೆ. ಬಾಡಿ ಬದಲಿಸಿದರೆ ಸಿಗದಷ್ಟು ಲಾಭ ಈ ಪುಟ್ಟ ಲೆನ್ಸಿನಿಂದ ಸಿಗುತ್ತದೆ. ಎಪಿಎಸ್‌-ಸಿ ಬಾಡಿಯಲ್ಲಿ 50 ಎಂಎಂ ಲೆನ್ಸ್ ಫುಲ್ ಫ್ರೇಮಿನ 75 ಎಂಎಂ ಲೆನ್ಸಿನಷ್ಟು, ಕ್ಯಾನನ್‌ನಲ್ಲಿ 80ರಷ್ಟು ಹತ್ತಿರ ಎಳೆಯುತ್ತದೆ. ಒಬ್ಬರ ಫೋಟೋಗೆ ಅದು ಸೊಗಸು, ಸಣ್ಣ ಕೋಣೆಯಲ್ಲಿ ಇಡೀ ಕುಟುಂಬ ಹಿಡಿಸುವುದಿಲ್ಲ. ಮನೆಯೊಳಗಿನ ಫೋಟೋಗಳೇ ಜಾಸ್ತಿ ಅಂದರೆ 35 ಎಂಎಂ ನೋಡಿ.

ಹಕ್ಕಿ, ಆಟ, ದೂರದ ವೇದಿಕೆ ಬೇಕಾದವರು 70-300 ಅಥವಾ 55-250 ಎಂಎಂ ಬಗೆಯ ಜೂಮ್‌ನಿಂದ ಶುರುಮಾಡಬಹುದು. ಹಕ್ಕಿಗೆ 300 ಕೂಡ ಸ್ವಲ್ಪ ಕಡಿಮೆಯೇ, ಆದರೆ ಹತ್ತಿರ ಹೋಗುವ ತಾಳ್ಮೆ ಕಲಿಸುತ್ತದೆ. ಡಿಜಿಟಲ್ ಜೂಮ್ ಅನ್ನುವುದು ಇದ್ದರೆ ಮೆನುವಿಗೆ ಹೋಗಿ ಆಫ್ ಮಾಡಿ. ಅದು ಬರೀ ಕ್ರಾಪ್ ಮಾಡುತ್ತದೆ, ಆ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಮಾಡಬಹುದು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಕತ್ತಲೆ ಮೂಲೆಯಲ್ಲಿ ನಿಂತು ಒಂದು ಕಡೆಯಿಂದ ಟಾರ್ಚ್ ಬಿಟ್ಟು, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಸಣ್ಣ ಧೂಳು ಇದ್ದರೆ ಪರವಾಗಿಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ಅದು ಬೂಷ್ಟು, ವಾಪಸ್ ಕೊಡಿ. ಎಲ್ಲಾ ಕಡೆ ಮಂಜು ಕವಿದಂತಿದ್ದರೂ ಬೇಡ. ಬಾಡಿಯದಾದರೆ ಶಟರ್ ಎಷ್ಟು ಸಲ ಓಡಿದೆ ಅಂತ ಕೇಳಿ. ಹವ್ಯಾಸಿ ಮಟ್ಟದ ಡಿಎಸ್‌ಎಲ್‌ಆರ್‌ಗಳ ಶಟರ್‌ಗೆ ಒಂದು ಲಕ್ಷದ ಸುತ್ತಮುತ್ತ ಬಾಳಿಕೆ ಹೇಳುತ್ತಾರೆ. ಎಫ್/16 ಇಟ್ಟು ಬಿಳಿ ಗೋಡೆಯನ್ನೋ ಆಕಾಶವನ್ನೋ ತೆಗೆದರೆ ಸೆನ್ಸರಿನ ಮೇಲಿನ ಕೊಳೆ ಕಪ್ಪು ಮಚ್ಚೆಗಳಾಗಿ ಕಾಣುತ್ತದೆ.

5. ಮೊದಲ ದಿನದ ಸೆಟ್ಟಿಂಗ್

ವ್ಯೂಫೈಂಡರಿನ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ. ಅದು ನಿಮ್ಮ ಕಣ್ಣಿನ ಪವರ್‌ಗೆ ಹೊಂದಿಸಲು ಇರುವುದು. ಒಳಗಿನ ಅಂಕಿಗಳು ಸ್ಪಷ್ಟವಾಗಿ ಕಾಣುವ ತನಕ ತಿರುಗಿಸಿ. ಇದನ್ನು ಮುಟ್ಟದೆ ವರ್ಷಗಟ್ಟಲೆ ‘ನನ್ನ ಕ್ಯಾಮೆರಾ ಮಸುಕು’ ಅಂತ ಅಂದುಕೊಂಡವರು ತುಂಬಾ ಜನ ಇದ್ದಾರೆ.

ತಾರೀಕು, ಗಂಟೆ ಸರಿಮಾಡಿ. ಫೋಟೋ ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ. ಫೈಲ್ ಬಗೆಯಲ್ಲಿ ರಾ (ಸೆನ್ಸರ್ ಕೊಟ್ಟದ್ದನ್ನು ಹಾಗೇ ಇಡುವ ಫೈಲ್) ಮತ್ತು ಜೆಪೆಗ್ ಎರಡೂ ಇಡಿ. ಫೋಟೋ ನೋಡುವಾಗ ತೀರಾ ಬೆಳ್ಳಗಾದ ಜಾಗ ಮಿನುಗುವಂತೆ ಎಚ್ಚರಿಕೆ ಆನ್ ಮಾಡಿ. ಬೀಪ್ ಸದ್ದು ಆಫ್ ಮಾಡಿ, ಸುತ್ತಲಿನವರ ಮೇಲೆ ದಯೆ ಇರಲಿ. ಮೆಮೊರಿ ಕಾರ್ಡನ್ನು ಕಂಪ್ಯೂಟರಿನಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಕಾರ್ಡಿನ ಮೇಲೆ ವಿ30 ಅಂತಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಅಂತ ಅರ್ಥ. ಹೆಚ್ಚಿನ ಹವ್ಯಾಸಿಗಳಿಗೆ ಅಷ್ಟು ಸಾಕು.

ಮೋಡ್ ಡಯಲನ್ನು ‘ಎ’ಗೆ ತಿರುಗಿಸಿ, ಕ್ಯಾನನ್ ಆದರೆ ‘ಎವಿ’ಗೆ. ಆಟೋ ಐಎಸ್‌ಒ ಆನ್ ಮಾಡಿ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಅಂಕಿ ಐಎಸ್‌ಒ). ಕನಿಷ್ಠ ಶಟರ್ 1/125, ಗರಿಷ್ಠ ಐಎಸ್‌ಒ 6400 ಅಂತ ಕೊಡಿ. ಇನ್ನು ನೀವು ಬದಲಿಸಬೇಕಾದದ್ದು ಅಪರ್ಚರ್ ಒಂದೇ. ಪೂರ್ತಿ ಮ್ಯಾನ್ಯುಅಲ್‌ನಲ್ಲಿ ತೆಗೆದರೆ ಮಾತ್ರ ಫೋಟೋಗ್ರಾಫರ್ ಅನ್ನುವ ಮಾತನ್ನು ತಲೆಗೆ ಹಾಕಿಕೊಳ್ಳಬೇಡಿ. ನೀವು ಚಕ್ರ ತಿರುಗಿಸುವಷ್ಟರಲ್ಲಿ ಮಗುವಿನ ನಗು ಮುಗಿದಿರುತ್ತದೆ. ಬೆಳಕು ಬದಲಾಗದ ಕಡೆ, ಫ್ಲ್ಯಾಶ್ ಬಳಸುವಾಗ, ರಾತ್ರಿ ಆಕಾಶಕ್ಕೆ ಮ್ಯಾನ್ಯುಅಲ್ ಕಲಿತರೆ ಆಯಿತು.

6. ಎಕ್ಸ್‌ಪೋಷರ್ ಬಟನ್ ಜೊತೆ ಸ್ನೇಹ ಮಾಡಿ

ಅಪರ್ಚರಿನ ಅಂಕಿಗಳು 1.4, 2, 2.8, 4, 5.6, 8, 11, 16. ಒಂದು ಹೆಜ್ಜೆ ಮುಂದೆ ಹೋದರೆ ಬೆಳಕು ಅರ್ಧ. ಶಟರ್ 1/125ರಿಂದ 1/250ಕ್ಕೆ ಹೋದರೂ ಅರ್ಧ. ಐಎಸ್‌ಒ 400ರಿಂದ 800ಕ್ಕೆ ಏರಿದರೆ ಫೋಟೋ ಎರಡರಷ್ಟು ಹೊಳೆಯುತ್ತದೆ. ಮೂರೂ ಒಂದೇ ಅಳತೆಯ ಹೆಜ್ಜೆ ಇಡುತ್ತವೆ. ಒಂದರಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ಹೊಂದಿಸುವುದೇ ಇಡೀ ಆಟ.

ಹೊಂದಿಸುವ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಆದರೆ ಬೆಳಕು ಅಳೆಯುವ ಅದರ ಮೀಟರ್ ಯಾರು ಬಂದರೂ ಒಂದೇ ಅಳತೆಗೆ ಅಂಗಿ ಹೊಲಿಯುವ ದರ್ಜಿಯ ಹಾಗೆ. ಎದುರಿಗೆ ಏನಿದ್ದರೂ ನಡುಮಧ್ಯದ ಬೂದು ಬಣ್ಣಕ್ಕೆ ತಂದು ನಿಲ್ಲಿಸುತ್ತದೆ. ಬಿಳಿ ಬಟ್ಟೆ, ಹಿಮ, ಮರಳು ಬೂದಾಗುತ್ತವೆ. ಕಪ್ಪು ನಾಯಿ ಕೂಡ ಬೂದಾಗುತ್ತದೆ. ಕಿಟಕಿಯ ಮುಂದಿನ ಮುಖ ಕಪ್ಪಾಗುವುದು ಇದೇ ಕಾರಣಕ್ಕೆ, ಕಿಟಕಿಯ ಬೆಳಕನ್ನು ಬೂದು ಮಾಡಲು ಹೋಗಿ ಮುಖ ಮುಳುಗುತ್ತದೆ.

ಇದಕ್ಕೆ ಮದ್ದು ಪ್ಲಸ್-ಮೈನಸ್ ಚಿಹ್ನೆಯ ಬಟನ್. ಬೆಳ್ಳಗಿನದು ಫ್ರೇಮ್ ತುಂಬಿದ್ದರೆ +1, ಹಿಮವಾದರೆ +2ರ ತನಕ. ಕಪ್ಪು ತುಂಬಿದ್ದರೆ −1. ಹಿಂದಿನಿಂದ ಬೆಳಕು ಬರುತ್ತಿದ್ದು ಮುಖ ಬೇಕಿದ್ದರೆ +1ರಿಂದ ಶುರುಮಾಡಿ. ಫೋನಿನಲ್ಲೂ ಮುಖದ ಮೇಲೆ ಬೆರಳಿಟ್ಟು ಮೇಲೆ ಎಳೆದರೆ ಹೆಚ್ಚಿನವುಗಳಲ್ಲಿ ಇದೇ ಕೆಲಸ ಆಗುತ್ತದೆ. ಕ್ಯಾಮೆರಾದ ನೂರೆಂಟು ಬಟನ್‌ಗಳಲ್ಲಿ ಒಂದನ್ನು ಮಾತ್ರ ಕಲಿಯಿರಿ ಅಂದರೆ ನಾನು ತೋರಿಸುವುದು ಇದನ್ನೇ.

7. ಮಸುಕು ಮೂರು ಬಗೆ, ಮದ್ದು ಬೇರೆ ಬೇರೆ

ಹವ್ಯಾಸಿಗಳ ಫೋಟೋ ಹೆಚ್ಚಾಗಿ ಕೆಡುವುದು ಇಲ್ಲೇ. ‘ಫೋಕಸ್ ಸರಿಯಿಲ್ಲ’ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಫೋಟೋವನ್ನು ಪೂರ್ತಿ ಜೂಮ್ ಮಾಡಿ ಸ್ವಲ್ಪ ಹೊತ್ತು ನೋಡಿ, ಅದೇ ಕಾರಣ ಹೇಳುತ್ತದೆ.

ಇಡೀ ಫೋಟೋದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ದೀಪಗಳೆಲ್ಲ ಒಂದೇ ಬಗೆಯ ಗೆರೆ ಎಳೆದಿದ್ದರೆ, ಅಲುಗಿದ್ದು ನಿಮ್ಮ ಕೈ. ಶಟರ್ ವೇಗ ಲೆನ್ಸಿನ ಫೋಕಲ್ ಲೆಂಗ್ತ್‌ಗಿಂತ ಕಡಿಮೆ ಆಗಬಾರದು ಅನ್ನುವುದು ಫಿಲಂ ಕಾಲದ ಲೆಕ್ಕ. 50 ಎಂಎಂಗೆ 1/50, ಎಪಿಎಸ್‌-ಸಿಯಲ್ಲಾದರೆ ಒಂದೂವರೆ ಪಟ್ಟು ಸೇರಿಸಿ 1/80. 300 ಎಂಎಂಗೆ ಅದೇ ಲೆಕ್ಕದಲ್ಲಿ 1/500. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎಡಗೈಯನ್ನು ಲೆನ್ಸಿನ ಕೆಳಗೆ ಆಸರೆಯಾಗಿಟ್ಟು, ಉಸಿರು ಬಿಟ್ಟ ಮೇಲೆ ಮೆಲ್ಲಗೆ ಒತ್ತಿ. ಇಮೇಜ್ ಸ್ಟೆಬಿಲೈಸೇಷನ್ (ಕೈಯ ಅಲುಗಾಟ ಸರಿಪಡಿಸುವ ಸೌಲಭ್ಯ) ಇದ್ದರೆ ಇನ್ನೂ ನಿಧಾನ ಶಟರ್ ನಡೆಯುತ್ತದೆ.

ಗೋಡೆ, ಕುರ್ಚಿ ಎಲ್ಲ ಸ್ಪಷ್ಟ ಇದ್ದು ಆಳು ಮಾತ್ರ ಕಲಸಿಹೋಗಿದ್ದರೆ, ಅಲುಗಿದ್ದು ಅವರು. ಇಲ್ಲಿ ಸ್ಟೆಬಿಲೈಸೇಷನ್‌ನಿಂದ ಏನೂ ಪ್ರಯೋಜನವಿಲ್ಲ. ಅದು ನಿಮ್ಮ ಕೈಯನ್ನು ಹಿಡಿಯುತ್ತದೆಯೇ ಹೊರತು ಮಗುವಿನ ಕಾಲನ್ನಲ್ಲ. ಶಟರ್ ವೇಗ ಏರಿಸಲೇಬೇಕು. ಮಾತಾಡುತ್ತಾ ಕೂತವರಿಗೆ 1/125, ನಡೆಯುವವರಿಗೆ 1/250, ಓಡುವ ಮಕ್ಕಳಿಗೆ 1/500, ಹಾರುವ ಹಕ್ಕಿಗೆ 1/1000ದಿಂದ 1/2000. ಬೆಳಕು ಸಾಲದಿದ್ದರೆ ಅಪರ್ಚರ್ ಅಗಲ ಮಾಡಿ, ಆಮೇಲೆ ಐಎಸ್‌ಒ ಏರಿಸಿ. ಐಎಸ್‌ಒ 3200 ಅಂದರೆ ಹೆದರುವವರು ಇನ್ನೂ ಇದ್ದಾರೆ. ಕಾಳು ಇರುವ ಫೋಟೋವನ್ನು ಇಟ್ಟುಕೊಳ್ಳಬಹುದು, ನಾಯ್ಸ್, ಅಂದರೆ ಈ ಕಾಳು, ತೆಗೆಯುವ ಸಾಫ್ಟ್‌ವೇರ್ ಕೂಡ ಈಗ ಚೆನ್ನಾಗಿದೆ. ಕಲಸಿಹೋದ ಮುಖವನ್ನು ಏನೂ ಮಾಡಲಾಗದು. ಐಎಸ್‌ಒ ಕಡಿಮೆ ಇಟ್ಟು ಕಪ್ಪಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಲು ಹೋದರೆ ಕಾಳು ಕಡಿಮೆಯೇನೂ ಆಗುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ಇನ್ನೂ ಜಾಸ್ತಿ ಕಾಣುತ್ತದೆ.

ಮೂರನೆಯದು ನಿಜವಾದ ಫೋಕಸ್ ತಪ್ಪು. ಮುಖ ಮಸುಕು, ಹಿಂದಿನ ಪರದೆಯ ನೇಯ್ಗೆ ಮಾತ್ರ ಸ್ಪಷ್ಟ. ಕ್ಯಾಮೆರಾ ತಾನೇ ಜಾಗ ಆರಿಸಿಕೊಂಡಿದೆ. ಫೋಕಸ್ ಚುಕ್ಕೆಯನ್ನು ನೀವೇ ಆರಿಸಿ. ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ, ಹೊಸ ಕ್ಯಾಮೆರಾಗಳಲ್ಲಿ ಅದು ತುಂಬಾ ಚೆನ್ನಾಗಿದೆ. ಕೂತಿರುವುದಕ್ಕೆ ಸಿಂಗಲ್ ಫೋಕಸ್, ಕದಲುವುದಕ್ಕೆ ಕಂಟಿನ್ಯುಅಸ್. ಇನ್ನೊಂದು ಕಾರಣವೂ ಇರಬಹುದು. ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಸ್ಪಷ್ಟವಾಗಿರುವ ಪಟ್ಟಿ ಎಷ್ಟು ತೆಳು ಅಂದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಸುಕು. ಇಬ್ಬರು ಮೂವರು ಇದ್ದಾಗ ಎಫ್/4, ಎಫ್/5.6ಕ್ಕೆ ಬನ್ನಿ. ಹಾಗಂತ ಎಫ್/16, ಎಫ್/22ಕ್ಕೆ ಓಡಬೇಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಚದುರಿ ಇಡೀ ಫೋಟೋದ ಮೊನಚು ಕಡಿಮೆಯಾಗುತ್ತದೆ. ಎಪಿಎಸ್‌-ಸಿಯಲ್ಲಿ ಗುಡ್ಡ ಬೆಟ್ಟಕ್ಕೆ ಎಫ್/8 ಆಸುಪಾಸು ಹಿತ.

8. ಬೆಳಕು ನೋಡಲು ಕಲಿಯಿರಿ

ಇದಕ್ಕೆ ದುಡ್ಡು ಬೇಡ. ಕಿಟಕಿಯ ಪಕ್ಕದಲ್ಲಿ ಒಬ್ಬರನ್ನು ಕೂರಿಸಿ. ಕೋಣೆಯ ದೀಪ ಆರಿಸಿ. ದೀಪದ ಹಳದಿ, ಕಿಟಕಿಯ ನೀಲಿ ಎರಡೂ ಸೇರಿದರೆ ಮುಖದ ಬಣ್ಣ ಹೇಗೆ ಸರಿಮಾಡಿದರೂ ಕೂರುವುದಿಲ್ಲ. ಅವರನ್ನು ಕಿಟಕಿಯಿಂದ ದೂರ ಸರಿಸಿದಷ್ಟೂ ಬೆಳಕು ಬೇಗ ಇಳಿಯುತ್ತದೆ. ಬಲ್ಬಿನಂಥ ಸಣ್ಣ ದೀಪವಾದರೆ ಎರಡು ಪಟ್ಟು ದೂರಕ್ಕೆ ಬೆಳಕು ಕಾಲು ಭಾಗ. ಹಾಗಾಗಿ ಹತ್ತಿರವೇ ಕೂರಿಸಿ. ಮುಖವನ್ನು ಸ್ವಲ್ಪ ಕಿಟಕಿಯ ಕಡೆ, ಸ್ವಲ್ಪ ನಿಮ್ಮ ಕಡೆ ತಿರುಗಿಸಿ. ನೀವು ಕಿಟಕಿಗೆ ಎದುರಾಗಿ ನಿಂತು ತೆಗೆಯಬೇಡಿ, ಪಕ್ಕಕ್ಕೆ ನಿಲ್ಲಿ. ಮೊದಲು ಗುಂಪು ಮಾಡಿದ ಫೋಟೋಗಳಲ್ಲಿನ ಎಷ್ಟೋ ಕಪ್ಪು ಮುಖಗಳಿಗೆ ಇಷ್ಟೇ ಸಾಕಿತ್ತು.

ಹೊರಗೆ ನೆತ್ತಿಯ ಬಿಸಿಲಿದ್ದರೆ ನೆರಳಿಗೆ ಬನ್ನಿ, ಆದರೆ ನೆರಳಿನ ಅಂಚಿಗೆ. ಅಲ್ಲಿ ಮುಖದ ಮೇಲೆ ಆಕಾಶದ ಮೃದುವಾದ ಬೆಳಕು ಬೀಳುತ್ತದೆ, ಕಣ್ಣಲ್ಲಿ ಹೊಳಪು ಬರುತ್ತದೆ. ಎಲೆಗಳ ಸಂದಿಯಿಂದ ಬಿಸಿಲು ಮಚ್ಚೆ ಮಚ್ಚೆಯಾಗಿ ಬೀಳುವ ಜಾಗ ಬೇಡ.

ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್ ಕೆಲವು ಮೀಟರ್‌ಗಿಂತ ದೂರ ಮುಟ್ಟುವುದಿಲ್ಲ. ದೊಡ್ಡ ಸಭಾಂಗಣದಲ್ಲಿ ದೂರದ ವೇದಿಕೆಗೆ ಅದನ್ನು ಮಿನುಗಿಸುವುದು ಸುಮ್ನೆ ಬ್ಯಾಟರಿ ದಂಡ. ತಲೆ ತಿರುಗುವ ಬೇರೆ ಫ್ಲ್ಯಾಶ್ ಕೊಂಡು ಬಿಳಿ ಛಾವಣಿಗೆ ಹೊಡೆಸಿದರೆ ಬೆಳಕು ಹರಡಿಕೊಂಡು ಬರುತ್ತದೆ. ಇನ್ನು ಎಲ್‌ಇಡಿ ದೀಪಗಳ ಕೆಳಗೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಫೋಟೋದಲ್ಲಿ ಅಡ್ಡ ಪಟ್ಟೆಗಳು ಬರಬಹುದು. 50 ಹರ್ಟ್ಸ್ ಕರೆಂಟಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ, ವೇಗ 1/50 ಅಥವಾ 1/100 ಇಡಿ. ಕರೆಂಟು 60 ಹರ್ಟ್ಸ್ ಇರುವ ದೇಶಗಳಲ್ಲಿ 1/60 ಅಥವಾ 1/120.

ಹಿನ್ನೆಲೆ ಮಸುಕಾಗಬೇಕು ಅಂತ ದುಬಾರಿ ಲೆನ್ಸ್ ಹುಡುಕುವವರು ಜಾಸ್ತಿ. ಆಳನ್ನು ಗೋಡೆಯಿಂದ ಮೂರು ನಾಲ್ಕು ಮೀಟರ್ ಮುಂದಕ್ಕೆ ಕರೆಯಿರಿ, ನೀವು ಸ್ವಲ್ಪ ಹತ್ತಿರ ಹೋಗಿ, ಕಿಟ್ ಲೆನ್ಸನ್ನೇ 55ಕ್ಕೆ ಜೂಮ್ ಮಾಡಿ. ಅರ್ಧ ಕೆಲಸ ಆಯಿತು. ಮುಖದ ಫೋಟೋಗೆ ತೀರಾ ಹತ್ತಿರ ಮಾತ್ರ ಹೋಗಬೇಡಿ. ಮೂಗು ದೊಡ್ಡದಾಗಿ ಕಾಣುವುದು ಲೆನ್ಸಿನಿಂದಲ್ಲ, ದೂರ ಕಡಿಮೆಯಾದದ್ದರಿಂದ. ಒಂದೂವರೆ, ಎರಡು ಮೀಟರ್ ದೂರ ನಿಂತು ಜೂಮ್ ಮಾಡಿ.

9. ತೆಗೆದ ಮೇಲೆ ಕೂತು ನೋಡಿ

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮಟ್ಟಗಳು. 14 ಬಿಟ್ ರಾ ಫೈಲಿನಲ್ಲಿ 16,384. ನೆರಳು ಎತ್ತುವಾಗ, ವೈಟ್ ಬ್ಯಾಲೆನ್ಸ್ (ಬೆಳಕಿನ ಹಳದಿ, ನೀಲಿ ಛಾಯೆಯ ಹೊಂದಾಣಿಕೆ) ಬದಲಿಸುವಾಗ ಈ ವ್ಯತ್ಯಾಸ ಕೆಲಸಕ್ಕೆ ಬರುತ್ತದೆ. ಸಾಫ್ಟ್‌ವೇರಿಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಕ್ಯಾನನ್, ನಿಕಾನ್ ತಮ್ಮದೇ ಸಾಫ್ಟ್‌ವೇರನ್ನು ಗ್ರಾಹಕರಿಗೆ ಪುಕ್ಕಟೆ ಕೊಡುತ್ತವೆ. ಮೊದಲು ಕ್ರಾಪ್, ಆಮೇಲೆ ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಅಷ್ಟಕ್ಕೇ ನಿಲ್ಲಿಸಿ. ಬಣ್ಣ ಏರಿಸುವ ಚಟ ಎಲ್ಲರಿಗೂ ಹತ್ತುತ್ತದೆ. ಮಾರನೇ ದಿನ ನೋಡಿ, ಅರ್ಧ ಇಳಿಸಬೇಕು ಅನ್ನಿಸುತ್ತದೆ.

ಪ್ರತಿ ಫೋಟೋದ ಒಳಗೂ ಶಟರ್, ಅಪರ್ಚರ್, ಐಎಸ್‌ಒ, ಫೋಕಲ್ ಲೆಂಗ್ತ್ ಬರೆದಿರುತ್ತದೆ. ಕೆಟ್ಟದ್ದನ್ನು ಅಳಿಸುವ ಮುಂಚೆ ಆ ಅಂಕಿಗಳನ್ನು ಒಮ್ಮೆ ಓದಿ. ಮಸುಕಾದವುಗಳಲ್ಲಿ ಶಟರ್ 1/30 ಅಂತಲೇ ಸಾಲಾಗಿ ಕಂಡರೆ ಕಾಯಿಲೆ ಸಿಕ್ಕಿತು. ಎರಡನೇ ಲೆನ್ಸ್ ಯಾವುದು ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಕೆಲವು ತಿಂಗಳ ಫೋಟೋಗಳನ್ನು ಫೋಕಲ್ ಲೆಂಗ್ತ್ ಪ್ರಕಾರ ಜೋಡಿಸಿ. ಬಹುಪಾಲು 55ರಲ್ಲೇ ಇದ್ದರೆ ನಿಮಗೆ ಟೆಲಿ ಬೇಕು. 18ರಲ್ಲೇ ಇದ್ದು ಗೋಡೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದರೆ ಇನ್ನೂ ಅಗಲದ್ದು ಬೇಕು. ನಡುವೆಯೇ ಎಲ್ಲೋ ಇದ್ದರೆ ಪ್ರೈಮ್ ಲೆನ್ಸ್ (ಜೂಮ್ ಇಲ್ಲದ್ದು) ಸಾಕು. ಹೊಸ ಬಾಡಿಯ ಯೋಚನೆ ಇನ್ನೂ ದೂರ ಇರಲಿ.

10. ಇಟ್ಟುಕೊಳ್ಳುವ ರೀತಿ

ಫೋಟೋಗಳ ಒಂದೇ ಪ್ರತಿ ಇದ್ದರೆ ಅದು ಹೋಗುವ ದಿನ ಬಂದೇ ಬರುತ್ತದೆ. ಮೂರು ಪ್ರತಿ, ಎರಡು ಬೇರೆ ಬಗೆಯ ಡಿಸ್ಕ್ ಅಥವಾ ಕ್ಲೌಡ್, ಅದರಲ್ಲಿ ಒಂದು ಮನೆಯ ಹೊರಗೆ. ಎರಡು ಕಡೆ ಕಾಪಿ ಆಗುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಲೆನ್ಸಿಗೆ ದೊಡ್ಡ ಶತ್ರು ತೇವ. ಗಾಳಿಯ ತೇವಾಂಶ ಶೇಕಡಾ 60 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಬೂಷ್ಟು ಹಿಡಿಯುವ ಅಪಾಯ ಏರುತ್ತದೆ. ಮಳೆಗಾಲ ಜೋರಿರುವ ಕಡೆ ಕ್ಯಾಮೆರಾವನ್ನು ಅದರ ಬ್ಯಾಗಿನಲ್ಲೇ ಮುಚ್ಚಿಡಬೇಡಿ, ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಪುಟ್ಟ ಹೈಗ್ರೋಮೀಟರ್ ಇಟ್ಟು ಶೇಕಡಾ 40ರಿಂದ 50ರ ನಡುವೆ ನಿಲ್ಲಿಸಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಬೇಕು. ಲೆನ್ಸ್‌ಗಳು ಜಾಸ್ತಿಯಾದ ಮೇಲೆ ಡ್ರೈ ಕ್ಯಾಬಿನೆಟ್ ಕೊಂಡರಾಯಿತು. ಎಷ್ಟೇ ಜೋಪಾನ ಮಾಡಿದರೂ ಆಗಾಗ ಹೊರಗೆ ತೆಗೆದು ಬಳಸುವುದು ಒಳ್ಳೆಯದು.

ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಅದರ ಬಾಯಿ ಕೆಳಮುಖ ಮಾಡಿ, ಗಾಳಿಗೆ ಬೆನ್ನು ಹಾಕಿ ಬೇಗ ಮುಗಿಸಿ. ಸೆನ್ಸರಿನ ಮೇಲೆ ಧೂಳು ಕಂಡರೆ ರಬ್ಬರ್ ಬ್ಲೋಯರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ, ಡಬ್ಬಿಯ ಗಾಳಿ ಬಿಟ್ಟರೆ ಅದರೊಳಗಿನ ದ್ರವ ಅಂಟಿಕೊಳ್ಳಬಹುದು. ಊದಿದರೂ ಹೋಗದ ಕಲೆಯನ್ನು ಸ್ವ್ಯಾಬ್ ಹಿಡಿದು ಒರೆಸುವ ಧೈರ್ಯ ಇಲ್ಲದಿದ್ದರೆ ಸರ್ವಿಸ್ ಸೆಂಟರಿಗೆ ಕೊಡಿ. ಒಂದೆರಡು ಮಚ್ಚೆ ಅಷ್ಟೇ ಆದರೆ ಸಾಫ್ಟ್‌ವೇರಿನ ಹೀಲಿಂಗ್ ಬ್ರಶ್‌ನಲ್ಲಿ ಅಳಿಸಿ, ಮುಂದಿನ ಫೋಟೋಗೆ ಹೋಗಿ.